ಹೊರುವ ಸರದಿ

ಮೊದಲ ಸಲ ನೆಲ ನಡುಗಿದಾಗ
ಜನರೇಟರಿನ ಬೀಗದಕೈ ಸಾಂತಿಯಾಗೊದಲ್ಲಿತ್ತು,
ನಿರ್ದೇಶಕರ ಕೋಟಿನ ಒಳಜೇಬಿನಲ್ಲಿ,
ಅವರ ತಂಗಿಯ ಮಗಳ ಮದುವೆಯಲ್ಲಿ.
ಇಲ್ಲೇ ಇದ್ದಿದ್ದರೂ ಅಷ್ಟೇ. ಡೀಸೆಲ್ ಇರಲಿಲ್ಲ.

ಮೂರು ದಿನದಲ್ಲಿ ಮೈನಸ್ ಎಂಬತ್ತು
ಮೈನಸ್ ಹತ್ತಾಗಿ, ಸೊನ್ನೆಯಾಗಿ,
ಕೊನೆಗೆ ಹೊರಗಿನ ಹವೆಯೇ ಆಗಿ
ಹನ್ನೊಂದು ವರ್ಷದ ಕಡಲಪಾಚಿ
ಫ್ರೀಜರಿನ ಬಾಗಿಲ ಸಂದಿನಿಂದ ಹಸಿರು ನೀರಾಗಿ ಇಳಿದು
ನೆಲದ ಮೇಲೆ ತನ್ನ ಪಾಡಿಗೆ ತಾನು ಹರಿಯಿತು.
ಒರೆಸಿದವಳು ನಾನು.
ಬಕೆಟ್ಟಿಗೆ ಹಿಂಡುವಾಗ
ಯಾರ ಪಿಎಚ್‌ಡಿ ಯಾವುದೆಂದು ತಿಳಿಯಲಿಲ್ಲ.

ಆಮೇಲೆ ಸಭೆಗಳು.
ಕಡಲಿಗೆ ಅಡ್ಡ ನಾವು ಕಟ್ಟಿದ್ದು ಬರೀ ಗುರುವಾರಗಳನ್ನು.
ಜನರೇಟರನ್ನು ಗುಡ್ಡದ ಮೇಲಿನ ಶಾಲೆಗೆ ಸಾಗಿಸಲು ಎರಡು ಗುರುವಾರ,
ಇನ್ನೊಂದು ಬೀಗದಕೈ ಮಾಡಿಸಲು ಒಂದು,
ಅದು ಯಾರ ಬಳಿ ಇರಬೇಕೆಂಬುದಕ್ಕೆ ನಾಲ್ಕು.
‘ರಾತ್ರಿ ಇಲ್ಲಿ ಇರುವವನು ನಾನೊಬ್ಬನೇ’
ಅಂದ ಬಾಗಿಲಲ್ಲಿ ನಿಂತಿದ್ದ ಕಾವಲಿನ ಎಫ್ರಾಯಿನ್ ಕಟ್ರಿಲೆಯೊ.
ಅದುವರೆಗೆ ಯಾರೂ ಅವನಿಗೆ ಕುರ್ಚಿ ಹಾಕಿರಲಿಲ್ಲ.

ಕಪಾಟು ಬೀಳದಂತೆ ಬಿಗಿಯುವುದು ಹೇಗೆಂದು
ಜಪಾನಿನಿಂದ ಕೈಪಿಡಿ ಬಂತು, ಅರವತ್ತು ಪುಟ.
ಗಂಟು ಕಲಿಸಿದ್ದು ಮಾತ್ರ ಬಂದರಿನಲ್ಲಿ ಬಲೆ ಹೆಣೆಯುವ ಡೊಮಿತಿಲಾ:
ಎಳೆದಷ್ಟೂ ಕಚ್ಚುವ,
ಒಂದೇ ಬೆರಳಿಗೆ ಬಿಚ್ಚಿಕೊಳ್ಳುವ ಗಂಟು.
ಪ್ರೊಫೆಸರುಗಳು ಹಲ್ಲಲ್ಲಿ ಹಗ್ಗ ಹಿಡಿದು ಕಲಿತರು.

ಕಷ್ಟವಾದದ್ದು ಪಟ್ಟಿ.
ಅಲೆ ಬರುವ ಮೊದಲು ಸಿಗುವುದು ಹದಿನೇಳು ನಿಮಿಷ,
ಶಾಲೆಗೆ ಒಂಬತ್ತು ನಿಮಿಷದ ಏರು,
ಮಂದಿ ಆರು, ಕೈಗಾಡಿ ಎರಡು,
ಪೆಟ್ಟಿಗೆ ನಲವತ್ತು.
ಯಾವುದು ಮೊದಲು?

ಮೂರು ತಿಂಗಳು ಕೂಗಾಡಿದೆವು.
ಒಬ್ಬ ಎದ್ದು ಹೋದ. ಒಬ್ಬಳು ಅತ್ತಳು.
ವಯಸ್ಸಿಗೆ, ದುಡ್ಡಿಗೆ, ಅಪರೂಪಕ್ಕೆ ಅಂಕ ಕೊಟ್ಟು,
ಕೂಡಿಸಿ, ಹರಿದುಹಾಕಿ
ತಕ್ಕಡಿಯಲ್ಲಿ ಕಪ್ಪೆ ತೂಗಿದ ಹಾಗೆ.
ಆಗ ಮಿಲೆನಾ ಯಾಂಕೊವಿಚ್, ಎಲ್ಲರಿಗಿಂತ ಹಿರಿಯಳು,
ಬೋರ್ಡಿನ ಬಳಿ ಹೋಗಿ
ಮೊದಲ ಸಾಲಲ್ಲಿದ್ದ ತನ್ನ ಪೆಟ್ಟಿಗೆಯನ್ನು ಅಂಗೈಯಲ್ಲಿ ಉಜ್ಜಿ
ಮೂವತ್ತೆಂಟರಲ್ಲಿ ಬರೆದಳು.
ಕಾರಣ ಹೇಳಲಿಲ್ಲ. ಸೀಮೆಸುಣ್ಣ ಕೊಡವಿಕೊಂಡು ಕೂತಳು.
ಅಂದು ಸಂಜೆಯೊಳಗೆ ಪಟ್ಟಿ ಮುಗಿಯಿತು.

ಆರು ವರ್ಷ ಏನೂ ಬರಲಿಲ್ಲ.
ತಿಂಗಳಿಗೊಮ್ಮೆ ಸೈರನ್ನು, ಖಾಲಿ ಪೆಟ್ಟಿಗೆ ಹೊತ್ತು ಗುಡ್ಡ;
‘ಇರುವೆ ಬಂದವು’ ಎಂದು ಶಾಲೆಯ ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು.
ಇದರಿಂದ ಆದ ಲಾಭವೇನು? ಹಣಕಾಸಿನವರು ಕೇಳಿದರು.
ಆ ಕಾಲಮಿನಲ್ಲಿ ಒಂದು ಗೆರೆ ಎಳೆದು ಕಳಿಸಿದೆ.

ಬಂದಾಗ ಸೋಮವಾರ, ರಾತ್ರಿ ಎಂಟೂಕಾಲು.
ನಿರ್ದೇಶಕರು ಈ ಸಲವೂ ಊರಲ್ಲಿರಲಿಲ್ಲ.
ಎಫ್ರಾಯಿನನ ಸೊಂಟದಲ್ಲಿ ಬೀಗದಕೈ ಗಲಗುಟ್ಟುತ್ತ ಮುಂದೆ ಓಡಿತು,
ಗಂಟುಗಳು ಒಂದೊಂದೇ ಬೆರಳಿಗೆ ಬಿಚ್ಚಿಕೊಂಡವು,
ಕತ್ತಲಲ್ಲಿ ಕಾಲಿಗೆ ಗುಡ್ಡ ಬಾಯಿಪಾಠ.
ಇಪ್ಪತ್ತನಾಲ್ಕು ಮೇಲೇರಿದವು.
ಮಿಕ್ಕದ್ದನ್ನು ಕಡಲು ತನ್ನದೆಂಬಂತೆ,
ತನ್ನದೇ ತಾನೆ,
ವಾಪಸು ತೆಗೆದುಕೊಂಡಿತು.

ಮಕ್ಕಳ ಗಿಡ್ಡ ಬೆಂಚಿನ ಮೇಲೆ
ಮಂಡಿಗೆ ಗಲ್ಲ ತಾಗಿಸಿ ಕೂತಿದ್ದಳು ಮಿಲೆನಾ.
ಮೂವತ್ತೆಂಟು ಎಂಬ ಸಂಖ್ಯೆಯನ್ನು
ಬೆಳಗಿನವರೆಗೆ ಯಾರೂ ಉಚ್ಚರಿಸಲಿಲ್ಲ.

ಎರಡು ತಿಂಗಳಿಗೆ ನಾರ್ವೆಯಿಂದ ಪೊಟ್ಟಣ.
ಇಪ್ಪತ್ತೆರಡು ವರ್ಷದ ಹಿಂದೆ ಯಾರೋ ಹುಡುಗ ಕೇಳಿದನೆಂದು
ಅಂಚೆಗೆ ಹಾಕಿ ಅವಳು ಮರೆತೇಬಿಟ್ಟಿದ್ದ ಪಾಚಿಯ
ಎಷ್ಟನೆಯದೋ ಮರಿಮಗಳು, ಬೆರಳುದ್ದದ ಕೊಳವೆಯಲ್ಲಿ.
ಚೀಟಿ ಬೇರೆ, ಶಾಯಿ ಬೇರೆ,
ಬಾಲ ಉದ್ದದ ಆ ಒಂಬತ್ತು ಮಾತ್ರ ಅವಳದೇ:
ಕೈಯಿಂದ ಕೈಗೆ
ಅಂಕೆಯ ಸೊಟ್ಟನ್ನೂ ಬಿಡದೆ ನಕಲು ಮಾಡುತ್ತ ಬಂದಿದ್ದರು.
ಕಿಟಕಿಯ ಬೆಳಕಿಗೆ ಹಿಡಿದು ನೋಡಿದಳು, ತುಂಬ ಹೊತ್ತು.

ಅಂದು ಗುರುವಾರ.
ಸಭೆಯ ಮೊದಲ ವಿಷಯ:
ಗುಡ್ಡದ ಮೇಲೆ ತುರ್ತಿಗೆಂದು ಇಟ್ಟಿದ್ದ ಬಿಸ್ಕತ್ತು ತಿಂದವರು ಯಾರು?
‘ಮಕ್ಕಳಿರಬೇಕು’ ಅಂದ ಎಫ್ರಾಯಿನ್
ತನ್ನ ಕುರ್ಚಿ ಎಳೆದುಕೊಳ್ಳುತ್ತ,
ಮೀಸೆಯ ಪುಡಿ ಒರೆಸಿಕೊಳ್ಳುತ್ತ.
ನಡಾವಳಿಯಲ್ಲಿ ಬರೆದೆ:
ಇನ್ನೆರಡು ಡಬ್ಬ.