ಎಡಕ್ಕೆ ಮಾತ್ರ

ಬ್ರೇಕೇ ಇರಲಿಲ್ಲ ಅಂದರೆ ಮೊಮ್ಮಗಳು ನಂಬುವುದಿಲ್ಲ.
ಈಗಲೂ ಇಲ್ಲ ಕಣೇ, ಒಂದೇ ಗೇರು.
ನಾಲ್ಕು ಜನ, ನಾಲ್ಕು ಸುತ್ತು, ಒಂದು ನಿಮಿಷ.
ಗಡಿಯಾರ ಒಂದು ಕಡೆ, ನಾವು ಇನ್ನೊಂದು ಕಡೆ.
ಎಡಕ್ಕೆ ಹೊರಳಲು ಹ್ಯಾಂಡಲನ್ನು ಬಲಕ್ಕೆ ತಿರುವಬೇಕು.
ಇದಕ್ಕೂ ಬದುಕಿಗೂ ಸಂಬಂಧವಿಲ್ಲ,
ಸುಮ್ಮನೆ ಹೇಳಿದೆ.

ಕಿಲ್ನ್ ಲೇನ್ ಮೈದಾನದಲ್ಲಿ ನಾನು ಹಲುಬೆಯವನು.
ಪ್ರತಿ ಹೀಟ್ ಮುಗಿದೊಡನೆ ಆರು ಮಂದಿ ಓಡಿಹೋಗಿ
ಹೊರಗಂಚಿಗೆ ಚಿಮ್ಮಿದ ಕೆಂಪು ಕಲ್ಲುಪುಡಿಯನ್ನು
ಒಳಗಂಚಿಗೆ ಎಳೆದು ತರುತ್ತಿದ್ದೆವು.
ಅವರು ಮತ್ತೆ ಚೆಲ್ಲುವರು. ನಾವು ಮತ್ತೆ ಎಳೆಯುವೆವು.
ನಲವತ್ತೇಳು ವರ್ಷ,
ನಡುವೆ ಮೂರು ವರ್ಷ ಗೇಟಿಗೆ ಬೀಗ.

ಮೊದಲು ನೋಡಿದ್ದು ಅಪ್ಪನ ಹೆಗಲ ಮೇಲಿಂದ.
ಯುದ್ಧ ಮುಗಿದು ನಾಲ್ಕು ವರ್ಷ, ಸಕ್ಕರೆಗಿನ್ನೂ ರೇಷನ್ನು,
ಗಿರಣಿಯ ಸೈರನ್ನಿಗೆ ಬಿಟ್ಟ ಜನ
ಮನೆಗೆ ಹೋಗದೆ ನೇರ ಇಲ್ಲಿಗೇ,
ಟೋಪಿಗಳದೇ ಒಂದು ಸಮುದ್ರ,
ಕೈಯಲ್ಲಿ ಕಟಕಟ ಮರದ ಗಿಲಕಿ.
ಮತ್ತೆ ಆ ವಾಸನೆ! ಹೊಟ್ಟೆ ತೊಳೆಯಲೆಂದು
ಮೂಗು ಹಿಡಿದು ಅಮ್ಮ ಕುಡಿಸುತ್ತಿದ್ದ ಅದೇ ಹರಳೆಣ್ಣೆ
ಎಂಜಿನ್ನಿನಲ್ಲಿ ಉರಿದಾಗ ಮಾತ್ರ
ಸ್ವರ್ಗದ ಅಡುಗೆಮನೆ.

ಲೆನ್ ಥ್ರೆಲ್‌ಫಾಲ್ ಹಗಲು ಗಣಿಯಲ್ಲಿರುತ್ತಿದ್ದ,
ಉಗುರಲ್ಲಿ ಕಲ್ಲಿದ್ದಲು, ಎಡಗಾಲಿಗೆ ಉಕ್ಕಿನ ಲಾಳ,
ಅಣ್ಣನ ಹಳೇ ಚರ್ಮದ ಕೋಟು, ಮೊಣಕೈಗೆ ತೇಪೆ.
ಗೆದ್ದ ರಾತ್ರಿಯೂ ನಮ್ಮದೇ ಬಸ್ಸು ಹತ್ತುತ್ತಿದ್ದ,
ಕಂಡಕ್ಟರ್ ಟಿಕೆಟ್ ಬಿಡುತ್ತಿರಲಿಲ್ಲ.
ಅಕ್ಕ ಎನಿಡ್ ಪುಸ್ತಿಕೆಯ ಚೌಕಗಳಲ್ಲಿ
ಮೂರು, ಎರಡು, ಒಂದು, ಸೊನ್ನೆ ತುಂಬುವಾಗ
ಅವನ ಮೂರನ್ನು ಸ್ವಲ್ಪ ದೊಡ್ಡದಾಗಿ ಬರೆಯುತ್ತಿದ್ದಳು.
ನಾನು ನೋಡಿಯೂ ನೋಡದವನಂತೆ ಇದ್ದೆ.

ಅರವತ್ಮೂರು, ಹನ್ನೊಂದನೇ ಹೀಟು, ಎರಡನೇ ತಿರುವು.
ಬೇಲಿ ಹಲಗೆಯದು. ಹಲಗೆ ಬಗ್ಗುವುದಿಲ್ಲ.
ಆಂಬುಲೆನ್ಸ್ ಹೊರಟ ಮೇಲೆ ಯಾರೋ ಸೀಟಿ ಊದಿದರು.
ಹಲುಬೆ ಹಿಡಿದು ಹೋದೆ,
ಆ ಗುರುತನ್ನೂ ಎಳೆದು ಸಮ ಮಾಡಿದೆ.
ಎನಿಡಳ ಪುಸ್ತಿಕೆಯಲ್ಲಿ ಆ ಚೌಕ ಇಂದಿಗೂ ಖಾಲಿ.

ಆಮೇಲೆ ಎಲ್ಲ ಬದಲಾಯಿತು, ಒಂದೊಂದಾಗಿ,
ಕೂದಲು ಉದುರಿದ ಹಾಗೆ, ಯಾವತ್ತು ಅಂತ ಹೇಳಲಾಗದು.
ನೆಟ್ಟಗಿದ್ದ ಎಂಜಿನ್ನು ಮಲಗಿತು.
ಕಪ್ಪು ಚರ್ಮ ಹೋಗಿ ಬಣ್ಣಬಣ್ಣದ ಕೆವ್ಲಾರ್,
ಬೆನ್ನ ಮೇಲೆ ಕಾರ್ಪೆಟ್ ಅಂಗಡಿಯ ಫೋನ್ ನಂಬರು.
ಸವಾರರು ವಿಮಾನದಲ್ಲಿ ಬರತೊಡಗಿದರು,
ಭಾನುವಾರ ಪೋಲೆಂಡಿಗೆ, ಮಂಗಳವಾರ ಸ್ವೀಡನ್ನಿಗೆ,
ಶುಕ್ರವಾರ ಮಾತ್ರ ನಮ್ಮ ಮನೆಮಗ.
ಎನಿಡ್ ಪೆನ್ಸಿಲ್ ಚೂಪು ಮಾಡುವಷ್ಟರಲ್ಲಿ
ಪಕ್ಕದ ಹುಡುಗನ ಮೊಬೈಲಿನಲ್ಲಿ ಅಂಕ ಬಂದಿರುತ್ತಿತ್ತು.
ನಿಂತಲ್ಲೇ ತುಳಿದಾಡುತ್ತಿದ್ದ ಕಟ್ಟೆಯ ಮೇಲೆ
ಕಾಲು ಚಾಚಿ ಕೂರುವಷ್ಟು ಜಾಗ.

ಹಳೆಯದೆಲ್ಲ ಚಿನ್ನ ಎಂದು ನಾನೂ
ಪಬ್ಬಿನಲ್ಲಿ ಮೇಜು ಕುಟ್ಟಿದವನೇ.
ಆದರೆ ಎರಡು ಸಾವಿರದ ಆರರಲ್ಲಿ, ಅದೇ ಎರಡನೇ ತಿರುವಿನಲ್ಲಿ,
ಹತ್ತೊಂಬತ್ತರ ರಾಡೆಕ್ ಬಂಡಿ ಬಿಟ್ಟು ಹಾರಿದ,
ಗಾಳಿ ತುಂಬಿದ ಬೇಲಿಯೊಳಗೆ ಪೂರಾ ಮುಳುಗಿಹೋದ.
ನಾನು ಹಲುಬೆ ಬಿಟ್ಟು ಓಡಿದೆ.
ಎದ್ದು ಕೂತು ಏನೋ ಬೈದ, ಅವನ ಭಾಷೆಯಲ್ಲಿ,
ಕೈ ಬೀಸಿದ.
ಅಂದಿನಿಂದ ಪಬ್ಬಿನಲ್ಲಿ ನಾನು ಸುಮ್ಮನೆ ಕುಡಿಯುತ್ತೇನೆ.

ಮುಂದಿನ ವರ್ಷ ಮೈದಾನ ಮಾರಿದರು.
ಕಾರು ನಿಲ್ಲುತ್ತಿದ್ದ ಜಾಗದಲ್ಲಿ ಮೊದಲೇ ಎದ್ದಿದ್ದ ಮನೆಗಳು
ಸದ್ದು ಜಾಸ್ತಿ ಎಂದು ಅರ್ಜಿ ಬರೆದಿದ್ದವು.
ಸದ್ದು ನಿಂತಿತು. ಇನ್ನೂ ಎಪ್ಪತ್ತೆರಡು ಮನೆ ಬಂದವು.
ರಸ್ತೆಯೊಂದು ಕಾರಣವಿಲ್ಲದೆ ಎಡಕ್ಕೆ ಬಾಗುತ್ತದೆ,
ಸಾಮಾನು ತಲುಪಿಸುವ ವ್ಯಾನಿನವರು ಅಲ್ಲಿ ಶಪಿಸುತ್ತಾರೆ.

ಕಳೆದ ವಾರ ನಸ್ರೀನ್ ಬೀಬಿ ಬೇಲಿಯಾಚೆಯಿಂದ ಕೂಗಿದಳು:
ಗುಲಾಬಿ ನೆಡೋಣವೆಂದು ಅಗೆದರೆ ಒಂದು ಗೇಣಿಗೇ
ಕೆಂಪು ಪುಡಿ ಬರುತ್ತಿದೆ, ಏನಿದು ಸಿರಿಲ್, ವಿಷವೇ?
ಬಗ್ಗಿ ಒಂದು ಹಿಡಿ ತೆಗೆದೆ. ಒದ್ದೆಯಿತ್ತು,
ಹದವಾಗಿತ್ತು, ಹೀಟ್ ಒಂದಕ್ಕೆ ಸರಿಯಾಗಿ.
ವಿಷವಲ್ಲಮ್ಮ, ಅಂದೆ.
ಶೆಡ್ಡಿನಿಂದ ಹಲುಬೆ ತರುವಷ್ಟರಲ್ಲಿ ಮರೆತೇಹೋಗಿತ್ತು,
ಅವಳ ಹಿತ್ತಿಲಿಗೆ ಒಳಗಂಚು ಯಾವುದು
ಅಂತ.