ಕೋಲಿನ ಬಾಕಿ

ಗೋಣಿಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದೆ, ಟೈರಂಗಡಿ ಪಕ್ಕ
ಮುರಿದ ಹಾಕಿ ಕೋಲು ಕೂಡಿಸುವುದು ನನ್ನ ಕಸುಬು.
ಅಜ್ಜ ತಲಶ್ಶೇರಿಯಲ್ಲಿ ದೋಣಿ ಮಾಡುತ್ತಿದ್ದ, ಅಪ್ಪ ಇಲ್ಲಿ ಬಾಗಿಲು.
ನಾನು ಇಷ್ಟಕ್ಕೆ ಇಳಿದೆ, ಅಥವಾ ಏರಿದೆ,
ಎರಡನ್ನೂ ಹೇಳುವವರಿದ್ದಾರೆ.

ಶನಿವಾರ ಮಧ್ಯಾಹ್ನ ಇಬ್ಬರು ಬರುತ್ತಾರೆ.
ನಾಣಯ್ಯ, ಹಳೇ ಲೆಫ್ಟ್ ಹಾಫ್, ಮೊಣಕಾಲಿಗೆ ಪಟ್ಟಿ.
ಕರುಂಬಯ್ಯ, ಹಳೇ ಗೋಲಿ, ಈಗಲೂ ಬೆಂಚಿನ ಮುಕ್ಕಾಲು ಅವನದೇ.
ರಿಪೇರಿಗೆ ಏನೂ ತಂದಿರುವುದಿಲ್ಲ. ತರುವುದು ಒಂದೇ ಪ್ರಶ್ನೆ:
ನಲವತ್ತು ವರ್ಷದ ಅಂತರ ಕಾಲೇಜು ಆಟದಲ್ಲಿ
ಎಲ್ಲರಿಗಿಂತ ದೊಡ್ಡ ಕೋಚ್ ಯಾರು?

"ಸುಬೇದಾರ್ ಉತ್ತಯ್ಯ. ಮಾತೇ ಇಲ್ಲ.
ಒಂಬತ್ತು ವರ್ಷ, ಏಳು ಕಪ್ಪು."
ಬೆಳಿಗ್ಗೆ ಐದಕ್ಕೆ ಸೀಟಿ. ಒಂದು ನಿಮಿಷ ತಡವಾದವನು
ಮನೆಗೆ ಹೋಗಿ, ಹಾಸಿಗೆಯಲ್ಲಿ ಮಲಗಿ,
ಎದ್ದು, ಮುಖ ತೊಳೆದು, ಮತ್ತೆ ಬರಬೇಕು.
"ಪೊನ್ನಂಪೇಟೆಗೆ ಹಾಗೆ ಓಡಿದ್ದೇನೆ ಕಣೋ" ಎನ್ನುತ್ತಾನೆ ನಾಣಯ್ಯ
ಮೊಣಕಾಲಿನ ಪಟ್ಟಿ ಸವರುತ್ತ, ಪದಕ ಸವರಿದ ಹಾಗೆ.

"ಕಪ್ಪು ಎಣಿಸೋದಾದರೆ ಪಾತ್ರೆ ಅಂಗಡಿಗೆ ಹೋಗು."
ಕರುಂಬಯ್ಯನದು ವಿರಾಜಪೇಟೆಯ ಮಸ್ಕರೇನಸ್ ಮೇಷ್ಟ್ರು.
ಕಲಿಸುತ್ತಿದ್ದದ್ದು ರಸಾಯನಶಾಸ್ತ್ರ. ಅವರ ಕೈಯಲ್ಲಿ ಕೋಲು ಕಂಡವರಿಲ್ಲ.
ಗೋಡೆಗೊರಗಿ ಕಡಲೆ ತಿನ್ನುತ್ತ ನೋಡುವರು.
ಇಂಟರ್ವಲ್ಲಿಗೆ ಒಂದೇ ಮಾತು:
"ಅವರ ರೈಟ್ ಬ್ಯಾಕ್‌ಗೆ ಹೊಸ ಶೂ. ಕಚ್ಚುತ್ತಿದೆ."
ಅಷ್ಟೇ. ಆ ಕಡೆಯಿಂದಲೇ ಮೂರು ಗೋಲು.

"ಮೂರಲ್ಲ, ಎರಡು."
"ಮೂರು. ಒಂದನ್ನು ಅಂಪೈರ್ ನುಂಗಿದ."
"ಅಂಪೈರ್ ನಿನ್ನ ಅತ್ತೆಯ ತಮ್ಮ!"
"ಅದಕ್ಕೇ ನುಂಗಿದ."

ನಾನು ಟೇಪು ಸುತ್ತುತ್ತೇನೆ.
ಕೋಲು ಕೊಡಲು ಬಂದ ಹುಡುಗಿ, ಈ ವರ್ಷದ ಸೆಂಟರ್ ಹಾಫ್,
ಬಾಗಿಲಲ್ಲೇ ನಿಂತು ಕೇಳಿದಳು:
"ಬೊಳ್ಳಮ್ಮ ಮ್ಯಾಡಮ್ ಹೆಸರು ಯಾಕಿಲ್ಲ?"
"ಆಗ ಹೆಂಗಸರ ತಂಡ ಇದ್ದದ್ದೇ ಎರಡಲ್ಲಮ್ಮ..."
"ಹೌದು. ಒಂದನ್ನು ಅವರು ಕಟ್ಟಿದರು.
ಎದುರಾಡಲು ಯಾರಾದರೂ ಬೇಕಲ್ಲ ಅಂತ
ಇನ್ನೊಂದನ್ನೂ ಅವರೇ ಕಟ್ಟಿದರು."
ನಾಣಯ್ಯ ಕೆಮ್ಮಿದ. ಬೆಲ್ಲದ ಕಾಪಿ ಬಂತು.

ಲೋಟ ಇಟ್ಟು ಇಬ್ಬರೂ ನನ್ನತ್ತ ತಿರುಗಿದರು.
"ನೀನೇ ಹೇಳು ಆಚಾರಿ. ನಿನಗೆ ಯಾವ ಕಾಲೇಜೂ ಇಲ್ಲ."
ನಿಜ. ಏಳನೇ ಕ್ಲಾಸು.
ನನ್ನ ಹತ್ತಿರ ಇರುವುದು ಬಾಕಿ ಪುಸ್ತಕ.

ಉತ್ತಯ್ಯನ ಪುಟ ಸ್ವಚ್ಛ, ಒಂದನೇ ತಾರೀಕಿಗೆ ಎಲ್ಲ ಚುಕ್ತಾ.
ಮಸ್ಕರೇನಸ್ ಗಂಟೆಗಟ್ಟಲೆ ಚೌಕಾಶಿ ಮಾಡಿ, ಕೊಡಲು ಮರೆಯುವರು.
ನಡುವೆ ಇನ್ನೊಂದು ಪುಟವಿದೆ, ಗೆದ್ದಲು ಮುಟ್ಟದ್ದು:
ಕುಶಾಲಪ್ಪ, ಸೋಮವಾರಪೇಟೆ.
ಹನ್ನೊಂದು ವರ್ಷದಲ್ಲಿ ಒಂದೇ ಒಂದು ಸೆಮಿಫೈನಲ್.
ಈ ಬೆಂಚಿನಲ್ಲಿ ಅವರ ಹೆಸರು ಬಂದದ್ದಿಲ್ಲ.
ಲೈನ್‌ಮನೆಗಳ ಹುಡುಗರಿಗೆ ಹದಿನಾಲ್ಕು ಕೋಲು
ತಮ್ಮ ಲೆಕ್ಕಕ್ಕೆ ಬರೆಸಿ
ಒಂದು ಮಾರ್ಚಿಯಲ್ಲಿ ತೀರಿಕೊಂಡರು.

ಆಮೇಲೆ ಬಂದರು, ಒಬ್ಬೊಬ್ಬರೇ, ವರ್ಷಗಟ್ಟಲೆ ಅಂತರದಲ್ಲಿ.
ಒಬ್ಬ ಮರದ ಲಾರಿ ನಿಲ್ಲಿಸಿ.
ಒಬ್ಬ ಪೊಲೀಸ್ ಡ್ರೆಸ್ಸಿನಲ್ಲಿ, ನಾನು ಹೆದರಿ ಎದ್ದು ನಿಂತೆ.
"ಮೇಷ್ಟ್ರ ಬಾಕಿ ಎಷ್ಟು? ನನ್ನದೊಂದಲ್ಲ, ಪೂರ್ತಿ."
ಮೊದಲನೆಯವನಿಂದ ತಗೊಂಡೆ.
ಎರಡನೆಯವನಿಗೆ ತೀರಿದೆ ಅಂದೆ,
ಬಸ್ಸು ತಪ್ಪಿದವನ ಹಾಗೆ ನಿಂತೇ ಇದ್ದ.
ಮೂರನೆಯವನಿಗೆ ಹಾಗನ್ನಲು ನಾಲಿಗೆ ಏಳಲಿಲ್ಲ.
ಈಗ ಅದಕ್ಕೊಂದು ಬಿಸ್ಕತ್ತಿನ ಡಬ್ಬಿ ಇದೆ.

ಇದನ್ನೆಲ್ಲ ಹೇಳಲಿಲ್ಲ. ಹೇಳಿದರೆ
ಕುಶಾಲಪ್ಪನವರನ್ನೂ ಸಾಲಿನಲ್ಲಿ ನಿಲ್ಲಿಸಿ
ಎತ್ತರ ಅಳೆಯುತ್ತಾರೆ.
"ನನಗೆ ಮರ ಗೊತ್ತು," ಅಂದೆ. "ಹಿಪ್ಪುನೇರಳೆ ಒಳ್ಳೇದು.
ಬಾಗುತ್ತೆ, ಬೇಗ ಮುರಿಯೋದಿಲ್ಲ."
"ಅಂದರೆ ಉತ್ತಯ್ಯ!"
"ಬಾಗೋದು ಅಂದನಲ್ಲೋ, ಮಸ್ಕರೇನಸ್!"

ಹುಡುಗಿ ಎಷ್ಟಾಯಿತು ಎಂದಳು. ಅವಳ ಕೋಲು ಹಳೆಯದು,
ಯಾರದೋ ಹೆಸರು ಕೆರೆದು ಮೇಲೆ ಅವಳದು.
ಡಬ್ಬಿಯ ಕಡೆ ನೋಡಿ, ಆಗಿದೆ ಹೋಗು ಅಂದೆ.
ಅವಳು ನಂಬಲಿಲ್ಲ; ಇಪ್ಪತ್ತು ರೂಪಾಯಿ ಮೇಜಿನ ಮೇಲಿಟ್ಟು ಓಡಿದಳು.

"ಎರಡೇ ಗೋಲು ಕಣೋ."
"ಮೂರು."