ಕಲಂ ಹನ್ನೊಂದು

ಬೋಗಾದಿ ರಸ್ತೆಯಂಚಿನ ನನ್ನ ನರ್ಸರಿಗೆ
ಮಸೂದೆ ಬಂದದ್ದು ಕೆಮ್ಮಣ್ಣಿನ ಲಾರಿಯಲ್ಲಿ.
ಇನಾಯತ್ ಸೀಟಿನಡಿಯಿಂದ ತೆಗೆದುಕೊಟ್ಟ
ನಲವತ್ತು ಪುಟದ ಜೆರಾಕ್ಸು,
ಮೇಲೆ ಟೀ ಲೋಟದ ಉಂಗುರ.
"ಓದಿ ಅಕ್ಕ, ಇದರಲ್ಲಿ ನಾವಿದ್ದೀವಂತೆ."

ಕರಡು ಅಂತ ಬರೆದಿತ್ತು ತಲೆಯ ಮೇಲೆ.
ನಮ್ಮಜ್ಜಿಗೆ ಕರಡ ಅಂದರೆ ಬೇಸಿಗೆಯ ಒಣಹುಲ್ಲು,
ಬೇರೇನೂ ಸಿಗದಾಗ ದನ ತಿನ್ನುವುದು.
ಗೊಬ್ಬರದ ಮೂಟೆಯ ಮೇಲೆ ಕೂತು
ಮಧ್ಯಾಹ್ನವಿಡೀ ಅಗಿದೆ ನಾನೂ.

"ಸಸಿ ಎಂದರೆ, ಮಾರಾಟದ ಉದ್ದೇಶದಿಂದ
ಬೇರು ಬಿಡಿಸಲಾದ ಯಾವುದೇ ಸಸ್ಯಭಾಗ."
ಇಪ್ಪತ್ತೆರಡು ವರ್ಷ ಬೇರು ಬಿಡಿಸಿದವಳು ನಾನು,
ಉದ್ದೇಶ ಏನೆಂದು ಯಾರೂ ಕೇಳಿರಲಿಲ್ಲ.

ಕಲಂ ಏಳು:
ಕುಡಿಯುವ ನೀರನ್ನು ಹುಲ್ಲುಹಾಸಿಗೆ ಬಿಟ್ಟರೆ ದಂಡ,
ಹಾಸಿದವರಿಗೂ, ಹಾಸಿಸಿಕೊಂಡವರಿಗೂ.
ಏನು ಹೇಳಲಿ ಇದಕ್ಕೆ?
ವಿಜಯನಗರ ನಾಲ್ಕನೇ ಹಂತದಲ್ಲಿ
ನಾನು ಹಾಸಿದ ಮೆಕ್ಸಿಕನ್ ಹುಲ್ಲು
ಏಪ್ರಿಲಿನಲ್ಲೂ ಕಣ್ಣು ಕುಕ್ಕುವ ಹಸುರು.
ಗೇಟಿನಾಚೆ ಟ್ಯಾಂಕರಿಗೆ ಕಾದ ಬಿಂದಿಗೆಗಳ ಸಾಲು.
ಅದರಲ್ಲೊಂದು ನೀಲಿ, ತೂತಿಗೆ ಎಂ-ಸೀಲ್ ಮೆತ್ತಿದ್ದು,
ನನ್ನ ಆಳು ಮಾದೇವಿಯದು.
ಬೆಳಗ್ಗೆ ಹುಲ್ಲಿಗೆ ಪೈಪು ಹಿಡಿದು
ಸಂಜೆ ಆ ಸಾಲಿಗೆ ಬರುತ್ತಿದ್ದಳು.

ಕಲಂ ಒಂಬತ್ತು:
ಕೊನೊಕಾರ್ಪಸ್ ಬೆಳೆಸಕೂಡದು, ಮಾರಕೂಡದು.
ಮಾರಿದ್ದೆನಲ್ಲ, ಬಡಾವಣೆ ಬಡಾವಣೆಗೆ!
ಬೇಗ ಬೆಳೆಯುತ್ತೆ ಸಾರ್, ದನ ಬಾಯಿ ಹಾಕಲ್ಲ ಅಂತ.
ದನವೂ ಬೇಡವೆಂದದ್ದನ್ನು ಯಾಕೆ ಮಾರಿದೆ ಅಂತ
ಈಗ ಕೇಳಿಕೊಳ್ಳುತ್ತಿದ್ದೇನೆ, ಸರ್ಕಾರ ಕೇಳಿದ ಮೇಲೆ.
ಶೆಡ್ಡಿನ ಹಿಂದೆ ಇನ್ನೂ ಮುನ್ನೂರಿವೆ,
ಆಳೆತ್ತರ, ಸೊಸೈಟಿ ಸಾಲದವು.

ಹನ್ನೊಂದಕ್ಕೆ ಬಂದಾಗ ಇನಾಯತ್ ನಕ್ಕ.
ಅವರ ಮನೆಮಾತಲ್ಲಿ ಕಲಂ ಅಂದರೆ ಕಸಿ.
ಬಾಯಲ್ಲಿ ಬ್ಲೇಡು ಕಚ್ಚಿಕೊಂಡು ಬಾಳೆನಾರಲ್ಲಿ
ಅವನ ಅಬ್ಬಾ ಮಾವಿಗೆ ಕಲಂ ಕಟ್ಟುತ್ತಿದ್ದರು.
"ಎರಡೂ ಕಡೆ ಕುಯ್ದಿರಬೇಕು ಅಕ್ಕ,
ಎರಡೂ ಗಾಯ ಹಸಿ ಇರಬೇಕು,
ಇಲ್ಲದಿದ್ರೆ ಹತ್ತಲ್ಲ."

ಈ ಕಲಂ ಒಂದೇ ಕಡೆ ಕುಯ್ದಿತ್ತು:
"ಪ್ರತಿ ಸಸಿಗೂ ತಾಯಿಗಿಡದ ಮೂಲ,
ಪಡೆದ ದಿನಾಂಕ, ಪಡೆದ ವಿಧಾನ
ವಹಿಯಲ್ಲಿ ನಮೂದಿಸತಕ್ಕದ್ದು."

ವಹಿ ತಂದೆ. ಸ್ಕೇಲಿಟ್ಟು ಗೀಟು ಎಳೆದೆ.
ರಸಬಾಳೆ: ನಂಜನಗೂಡು ಕಡೆಯ ಷಡಕ್ಷರಪ್ಪ ಕೊಟ್ಟ ಕಂದು. ಸರಿ.
ಮಲ್ಲಿಗೆ: ತಂಗಿಯ ಬಾಣಂತನ ಮುಗಿಸಿ ಬರುವಾಗ
ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದ ಬಳ್ಳಿ.
ತಂಗಿ ಈಗಿಲ್ಲ. ದಿನಾಂಕ ನೆನಪಿಲ್ಲ,
ಮಗುವಿಗೆ ಆಗ ಇನ್ನೂ ಕತ್ತು ನಿಂತಿರಲಿಲ್ಲ.
ಕೆಂಪು ಗುಲಾಬಿ, ನನ್ನ ಮೊದಲ ವ್ಯಾಪಾರ:
ಯಾದವಗಿರಿ, ಬಂಗಲೆಯ ಗೋಡೆಯಾಚೆ ಬಾಗಿದ ಕೊಂಬೆ,
ರಾತ್ರಿ ಎಂಟೂವರೆ, ಕರೆಂಟು ಹೋಗಿತ್ತು.
ವಿಧಾನ?
ಋಷಿಮೂಲ ನದಿಮೂಲ ಕೇಳಬೇಡ ಅಂದವರು
ಗುಲಾಬಿಯನ್ನು ಸೇರಿಸಲು ಮರೆತರು.

ಆಕ್ಷೇಪಣೆಗೆ ಮೂವತ್ತು ದಿನ.
ಕೋರ್ಟಿನೆದುರು ಟೈಪು ಮಾಡುವ ಪದ್ಮರಾಜಯ್ಯ ಕೇಳಿದರು,
"ಪರವೋ ವಿರೋಧವೋ, ಒಂದು ಹೇಳಿ ತಾಯಿ."
ಏಳಕ್ಕೆ ಪರ ಅಂದೆ.
ಒಂಬತ್ತಕ್ಕೂ ಪರವೇ, ಆದರೆ ಆ ಮುನ್ನೂರಕ್ಕೆ ಯಾರು ದುಡ್ಡು ಕೊಡುತ್ತಾರೆ ಅಂತ ಸೇರಿಸಿ.
ಹನ್ನೊಂದಕ್ಕೆ...
ಅವರ ಬೆರಳು ಕೀಲಿಗಳ ಮೇಲೆ ಕಾದವು.
"ಜಾಗ ಬಿಟ್ಟಿರಿ, ನಾಳೆ ಬರ್ತೀನಿ" ಅಂದು ಎದ್ದೆ.

ಐದು ಸಾವಿರಕ್ಕೆ ಕಡಿಮೆ ಸಸಿಯಿದ್ದರೆ
ಲೈಸೆನ್ಸು ಬೇಡವಂತೆ, ಕಲಂ ಮೂರು.
ಟಾರ್ಚು ಹಿಡಿದು ಎಣಿಸಿದೆವು ನಾನೂ ಮಾದೇವಿಯೂ,
ನಾಲ್ಕು ಸಾವಿರದ ಒಂಬೈನೂರ ಎಂಬತ್ತಾರು.
ಸುಸ್ತಾಗಿ ಮಲಗಿದೆವು. ನಡುರಾತ್ರಿ ಮಳೆ.

ಮೂರನೇ ದಿನಕ್ಕೆ ಖಾಲಿ ಕವರುಗಳಲ್ಲೆಲ್ಲ
ಯಾರೂ ಬಿತ್ತದ ನೆಲನೆಲ್ಲಿ, ತುಂಬೆ, ಅಣ್ಣೆಸೊಪ್ಪು.
ಮಾದೇವಿ ಕುಕ್ಕರುಗಾಲಲ್ಲಿ ಕೂತು ಕೇಳಿದಳು,
"ಇವುನ್ನೂ ಎಣಿಸ್ಬೇಕಾ ಅಕ್ಕ?
ಇವುಕ್ಕೆ ಉದ್ದೇಶ ಇಲ್ವಲ್ಲ."